ನಾನು ಓದದೆ ಬಿಟ್ಟ ಅರ್ಧ ಪುಟ

ಸಮುದ್ರದ ಬಗ್ಗೆ ಮಾತಾಡುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ದುಬೈನ ಜೆಬೆಲ್ ಅಲಿ ಬಂದರಿನ ಪಕ್ಕದ ಕಚೇರಿಯೊಂದರಲ್ಲಿ ಇಪ್ಪತ್ತೊಂದು ವರ್ಷದಿಂದ ಕೆಲಸಕ್ಕಿದ್ದೇನೆ. ಹಡಗಿನಲ್ಲಿ ಬರುವ, ಹೋಗುವ ಸರಕಿನ ಕಾಗದಪತ್ರ ನೋಡುವುದು ನನ್ನ ಹೊಟ್ಟೆಪಾಡು. ಆದರೆ ಇವತ್ತಿನವರೆಗೆ ಒಂದು ಹಡಗನ್ನೂ ಹತ್ತಿದವನಲ್ಲ. ದುಬೈ ಕ್ರೀಕ್ ದಾಟಿಸುವ ಅಬ್ರಾ ದೋಣಿಯಲ್ಲಿ ಐದು ನಿಮಿಷ ಕೂತರೆ ನನಗೆ ಹೊಟ್ಟೆ ತೊಳಸುತ್ತದೆ. ಉಳಿದವರು ಫೋಟೊ ತೆಗೆದುಕೊಳ್ಳುತ್ತಿರುತ್ತಾರೆ. ನಾನು ಲೈಫ್ ಜಾಕೆಟ್ ಎಷ್ಟಿವೆ, ಜನ ಎಷ್ಟಿದ್ದಾರೆ ಎಂದು ಎಣಿಸುತ್ತಿರುತ್ತೇನೆ. ಎರಡು ಲೆಕ್ಕ ಎಂದೂ ತಾಳೆಯಾಗಿಲ್ಲ.

ನನ್ನ ಚಿಂತೆಯ ಸ್ವಭಾವಕ್ಕೆ ಈ ಕೆಲಸ ಹೇಳಿ ಮಾಡಿಸಿದ್ದು. ಸರಕು ಪಡೆಯುವವನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಕಂಟೇನರ್ ಬಂದರಿನಲ್ಲೇ ಕೂರುತ್ತದೆ. ಹಾಗಾಗಿ ಪ್ರತಿ ಸಾಲನ್ನೂ ಮೂರು ಸಲ ಓದುತ್ತೇನೆ. ಇಪ್ಪತ್ತೊಂದು ವರ್ಷದಲ್ಲಿ ಒಂದು ಸಾಲನ್ನೂ ಬಿಟ್ಟವನಲ್ಲ ಎಂಬುದು ನನ್ನ ಏಕೈಕ ಹೆಗ್ಗಳಿಕೆಯಾಗಿತ್ತು. ಬಿಟ್ಟದ್ದು ಒಮ್ಮೆ, ಅದೂ ಕಚೇರಿಯ ಹೊರಗೆ.

ಆ ಪುಸ್ತಕ ನನಗೆ ಸಿಕ್ಕಿದ್ದು ರುವೈಸ್‌ನಲ್ಲಿ. ಅಲ್ಲಿನ ರಿಫೈನರಿಯಲ್ಲಿ ಎಂಜಿನಿಯರಾಗಿದ್ದ ನನ್ನ ಕಾಲೇಜಿನ ಗೆಳೆಯ ನಿವೃತ್ತನಾಗಿ ಕಂಪನಿಯ ಮನೆ ಖಾಲಿ ಮಾಡುತ್ತಿದ್ದ. ಸಹಾಯಕ್ಕೆಂದು ಹೋದ ನನ್ನ ಕಾರಿನ ಡಿಕ್ಕಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ತುಂಬ ಹಳೆಯ ಪುಸ್ತಕ ಇಟ್ಟು, "ನೀ ಹೆಂಗೂ ಚಿಂತಿ ಮಾಡ್ಕೋತ ಎಚ್ಚರ ಇರ್ತಿ, ಓದಾಕರ ಆಗ್ತದ," ಎಂದ. ಅದರ ತಳದಲ್ಲಿದ್ದದ್ದು ಒಬ್ಬ ಬ್ರಿಟಿಷ್ ಲೇಖಕನ ಸಮುದ್ರಯಾನದ ಕಥನ. ಬೆನ್ನು ಹರಿದಿತ್ತು, ಮೊದಲ ಕೆಲವು ಪುಟಗಳೇ ಇರಲಿಲ್ಲ.

ಲೇಖಕ ಮಹಾಯುದ್ಧ ಮುಗಿದ ಮೇಲೆ, ಅವನ ದೇಶದವರು ಇಂಡಿಯಾ ಬಿಟ್ಟು ಹೊರಡುವ ತಯಾರಿಯಲ್ಲಿದ್ದಾಗ, ಕುಂದಾಪುರದ ಕಡೆಯಿಂದ ಹೆಂಚು ತುಂಬಿಕೊಂಡು ಕೊಲ್ಲಿಗೆ ಹೊರಟ ಒಂದು ಮಂಜಿಯಲ್ಲಿ ಪ್ರಯಾಣ ಮಾಡಿದ್ದ. ಮಂಜಿ ಎಂದರೆ ನಮ್ಮ ಕರಾವಳಿಯ ಸರಕು ಸಾಗಿಸುವ ಹಾಯಿ ಹಡಗು. ಆವಿ ಹಡಗಿನಲ್ಲಿ ಸುಖವಾಗಿ ಹೋಗಬಹುದಾಗಿದ್ದವನು ಹಾಯಿಯ ಕಾಲ ಮುಗಿಯುವ ಮುನ್ನ ಒಮ್ಮೆ ಅದನ್ನು ಕಾಣಬೇಕು ಎಂದು ಹಟ ಹಿಡಿದು ಹೊರಟಿದ್ದ. ಒಪ್ಪಿಕೊಳ್ಳುತ್ತೇನೆ, ಬರವಣಿಗೆ ಬಹಳ ಚೆನ್ನಾಗಿತ್ತು. ಗಾಳಿ ಬರುವ ಮೊದಲು ನೀರಿನ ಬಣ್ಣ ಹೇಗೆ ಕಪ್ಪಾಗುತ್ತದೆ, ಹಲಗೆಗೆ ಹಚ್ಚಿದ ಮೀನೆಣ್ಣೆಯ ವಾಸನೆ ಮೂರನೆಯ ದಿನ ಹೇಗೆ ಮೂಗಿಗೆ ಗೊತ್ತಾಗುವುದನ್ನೇ ನಿಲ್ಲಿಸುತ್ತದೆ, ಗಾಳಿ ಸತ್ತ ದಿನ ಹಾಯಿಯ ನೆರಳು ಹೇಗೆ ಇದ್ದಲ್ಲೇ ಇರುತ್ತದೆ ಎಂಬುದನ್ನೆಲ್ಲ ಓದಿ, ದಿನವೂ ಹಡಗುಗಳನ್ನು ಕಿಟಕಿಯಿಂದ ನೋಡುವ ನನಗೆ ಸಮುದ್ರ ಮೊದಲ ಸಲ ಕಂಡಿತು. ಓದುತ್ತ ಸೋಫಾದ ಮೇಲೆಯೇ ಹೊಟ್ಟೆ ತೊಳಸಿತು. ಲೇಖಕನಿಗೆ ಇದಕ್ಕಿಂತ ದೊಡ್ಡ ಪ್ರಶಂಸೆ ನನ್ನಿಂದ ಸಾಧ್ಯವಿಲ್ಲ.

ಆದರೆ ಒಂದು ವಿಚಿತ್ರ ಗಮನಿಸಿದೆ. ದಾರಿಯ ಬಂದರುಗಳಲ್ಲಿ ಅವನನ್ನು ಊಟಕ್ಕೆ ಕರೆದ ಇಂಗ್ಲಿಷ್ ಅಧಿಕಾರಿಗಳಿಗೆಲ್ಲ ಪೂರ್ತಿ ಹೆಸರಿತ್ತು, ಪದವಿಯೂ ಇತ್ತು. ಒಬ್ಬ ಅಧಿಕಾರಿಯ ನಾಯಿಗೂ ಹೆಸರಿತ್ತು. ಅದರ ಸ್ವಭಾವದ ಬಗ್ಗೆ ಒಂದು ಪುಟವಿತ್ತು. ಲೇಖಕನನ್ನು ಬದುಕಿಸಿ ಈ ದಡಕ್ಕೆ ತಂದು ಇಳಿಸಿದ ನಾಖುದಾನಿಗೆ, ಅಂದರೆ ಹಡಗಿನ ಯಜಮಾನನಿಗೆ ಮಾತ್ರ ಹೆಸರಿಲ್ಲ. ಅವನು ಪುಸ್ತಕದುದ್ದಕ್ಕೂ ಬರೀ "ಕ್ಯಾಪ್ಟನ್". ಭಟ್ಕಳದ ಮುಸಲ್ಮಾನ ಎಂದು ಒಂದು ಕಡೆ ಇದೆ, ಅಷ್ಟೇ.

ಭಟ್ಕಳ ಎಂದಾಕ್ಷಣ ನನಗೆ ನೆನಪಾದವರು ದುಬೈನ ನೈಫ್ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಹಿರಿಯರು. ನನ್ನ ಹೆಂಡತಿ ಪರದೆ ಬಟ್ಟೆಗೂ ರವಿಕೆ ಬಟ್ಟೆಗೂ ಅಲ್ಲಿಗೇ ಹೋಗುವವಳು. ಮನೆಯಲ್ಲಿ ನವಾಯತಿ ಭಾಷೆ ಆಡುವ ಅವರು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ಕನ್ನಡ ಮಾತಾಡುವ ಗಿರಾಕಿ ಬಂದರೆ ಬಟ್ಟೆಗಿಂತ ಹೆಚ್ಚು ಮಾತನ್ನೇ ಬಿಚ್ಚುತ್ತಿದ್ದರು. ನನ್ನನ್ನು ಕರೆಯುತ್ತಿದ್ದದ್ದು "ಧಾರವಾಡದವ್ರೆ" ಎಂದು. ನಾನು ಅವರನ್ನು "ಸಾಹೇಬ್ರ" ಎನ್ನುತ್ತಿದ್ದೆ. ಆಗಲೇ ಅವರಿಗೆ ಎಪ್ಪತ್ತೈದು ದಾಟಿತ್ತು. ಅಂಗಡಿಯನ್ನು ಅಬುಧಾಬಿಯಲ್ಲಿದ್ದ ಅಳಿಯನಿಗೆ ಬಿಟ್ಟು ತಿಂಗಳ ಕೊನೆಗೆ ಊರಿಗೆ ಮರಳುವವರಿದ್ದರು. ವೀಸಾ ಕ್ಯಾನ್ಸಲ್‌ಗೆ ಕೊಟ್ಟಾಗಿತ್ತು.

ಹೆಂಡತಿ ಬಟ್ಟೆಯ ಥಾನು ಬಿಚ್ಚಿಸುತ್ತಿದ್ದಾಗ ನಾನು ಸುಮ್ಮನೆ ಮಾತಿಗೆಂದು ಪುಸ್ತಕದ ವಿಷಯ ಹೇಳಿದೆ. ಗಜಕಡ್ಡಿ ಹಿಡಿದ ಅವರ ಕೈ ನಿಂತಿತು.

"ಹೆಂಚಿನ ಮಂಜಿಯಾ?"

"ಹೌದ್ರೀ."

"ಅದರಲ್ಲಿ ಇಂಗ್ಲಿಷಿನವ ಒಬ್ಬ ಇದ್ದನಾ?"

"ಬರದಾಂವನ ಇಂಗ್ಲಿಷಿನಾಂವರೀ."

ಅವರು ಕಡ್ಡಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು. ಅವರ ತಂದೆ ಹೆಂಚಿನ ಮಂಜಿಯ ನಾಖುದಾ ಆಗಿದ್ದರಂತೆ. ಒಮ್ಮೆ ಒಬ್ಬ ಬಿಳಿಯನನ್ನು ಕೂರಿಸಿಕೊಂಡು ಬಂದದ್ದನ್ನು ತಾಯಿ ಹೇಳುತ್ತಿದ್ದರಂತೆ. ತಂದೆ ಮಸ್ಕತ್‌ನಲ್ಲಿ ಜ್ವರದಿಂದ ತೀರಿಕೊಂಡಾಗ ಇವರಿಗೆ ನಾಲ್ಕು ವರ್ಷ. ಅಲ್ಲೇ ಮಣ್ಣು ಮಾಡಿದರು. ಮನೆಯಲ್ಲಿ ಒಂದು ಫೋಟೊ ಇಲ್ಲ, ಮುಖ ನೆನಪಿಲ್ಲ.

"ಓದಿ ಹೇಳಿ ಮಾರಾಯ್ರೆ. ನಂಗೆ ಇಂಗ್ಲಿಷ್ ಅಂಗಡಿಯಷ್ಟೇ ಬರ್ತದೆ. ನೀವು ಕನ್ನಡದಲ್ಲಿ ಓದಿ. ಅದು ನನ್ನ ಬಾಪಾ ಹೌದೋ ಅಲ್ವೋ, ನಂಗೆ ಗೊತ್ತಾಗ್ತದೆ."

"ಹೆಂಗ ಗೊತ್ತಾಗ್ತದ್ರೀ? ಹೆಸರ ಇಲ್ಲ ಅದರಾಗ."

"ಒಂದು ಗುರುತು ಉಂಟು. ನಿಮಗೆ ಹೇಳೂದಿಲ್ಲ."

"ಯಾಕ್ರೀ?"

"ಹೇಳಿದ್ರೆ ನೀವು ಸೇರಿಸಿ ಓದ್ತೀರಿ. ನಿಮ್ಮ ಮುಖ ನೋಡಿದ್ರೇ ಗೊತ್ತಾಗ್ತದೆ, ಪಾಪದ ಜನ."

ನನ್ನ ಹೆಂಡತಿ ಬಟ್ಟೆಯಿಂದ ತಲೆ ಎತ್ತದೆ, "ಖರೆ ಹೇಳಿದ್ರಿ ನೋಡ್ರಿ," ಎಂದಳು.

ಹೀಗೆ ಮೂರು ಶನಿವಾರ ಓದುವುದೆಂದು ನಿಗದಿಯಾಯಿತು. ಮಧ್ಯಾಹ್ನದ ನಮಾಜಿನ ನಂತರ ಎರಡು ಗಂಟೆ ಗಿರಾಕಿ ಕಡಿಮೆ. ನೈಫ್‌ನಲ್ಲಿ ಕಾರು ನಿಲ್ಲಿಸಲು ಜಾಗ ಸಿಗದಿದ್ದರೆ ಎಂಬ ಚಿಂತೆಗೆ ನಾನು ಮೆಟ್ರೊದಲ್ಲಿ ಹೋಗಿ ಯೂನಿಯನ್ ಸ್ಟೇಷನ್‌ನಲ್ಲಿ ಇಳಿದು ನಡೆಯುತ್ತಿದ್ದೆ. ವಾರವಿಡೀ ಸಂಜೆ ಕೂತು ಕನ್ನಡ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ಶನಿವಾರ ಓದುವುದು. ಹಾಯಿಯ ಹಗ್ಗಗಳಿಗೆ ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಹೆಸರು. ನನ್ನ ಕನ್ನಡದಲ್ಲಿ ಎಲ್ಲವೂ ಹಗ್ಗ. "ಈ ಹಗ್ಗ ಎಳೆದರು, ಆ ಹಗ್ಗ ಬಿಟ್ಟರು" ಎಂದು ಓದಿದರೆ ಹಿರಿಯರು, "ಎಂತ, ದನ ಕಟ್ತಿದ್ರಾ ಹಡಗು ಬಿಡ್ತಿದ್ರಾ?" ಎಂದು ಕೇಳಿ ತಾವೇ ಸರಿಯಾದ ಪದ ಹೇಳಿಕೊಡುತ್ತಿದ್ದರು.

ಮೊದಲ ಶನಿವಾರ ಸಮುದ್ರವೇ ಹೆಚ್ಚು, ಅವರು ಕಣ್ಣು ಮುಚ್ಚಿ ಕೇಳಿದರು. ನಾಯಿಯ ಪುಟ ಬಂದಾಗ ಒಂದು ಕಣ್ಣು ತೆರೆದು, "ಇದು ಮುಗಿಯೂದು ಯಾವಾಗ?" ಎಂದರು.

ತೊಂದರೆ ಶುರುವಾದದ್ದು ನಾಖುದಾ ಹೆಚ್ಚೆಚ್ಚು ಬರತೊಡಗಿದಾಗ. ಲೇಖಕನಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಗಿಡ್ಡ, ಒಂದು ಕಣ್ಣು ಸ್ವಲ್ಪ ಓರೆ, ಬೆಳಗಿನ ಜಾವ ಮೂಗಿನಲ್ಲಿ ಹಾಡಿ ನಿದ್ದೆ ಕೆಡಿಸುತ್ತಾನೆ, ಕಾಲಿನ ಬೆರಳು ನೋಡಲು ಅಸಹ್ಯ, ಪ್ರಶ್ನೆ ಕೇಳಿದರೆ ಉತ್ತರ ಕೊಡುವುದಿಲ್ಲ ಎಂದೆಲ್ಲ ಬರೆದಿದ್ದ. ಸಮುದ್ರಕ್ಕೆ ನೂರು ಬಣ್ಣ ಕಂಡವನು ಮನುಷ್ಯರಿಗೆ ಬಂದಾಗ ಎರಡೇ ಬಣ್ಣದಲ್ಲಿ ಮುಗಿಸುತ್ತಿದ್ದ. ನಾನು ಅಲ್ಲಲ್ಲಿ ಸ್ವಲ್ಪ ಉಜ್ಜಿ ನಯ ಮಾಡಿದೆ. ಗಿಡ್ಡ ಎಂಬುದು ಸಾಧಾರಣ ಎತ್ತರವಾಯಿತು. ಓರೆಗಣ್ಣು ತೀಕ್ಷ್ಣ ದೃಷ್ಟಿಯಾಯಿತು. ಹಾಡನ್ನು ಹಾಡಾಗಿಯೇ ಉಳಿಸಿ ಮೂಗನ್ನು ತೆಗೆದೆ. ಬೆರಳುಗಳನ್ನೂ ಉತ್ತರ ಕೊಡದ ಮಾತನ್ನೂ ಪೂರ್ತಿ ಬಿಟ್ಟೆ.

ಮೂರನೆಯ ವಾರ ಆ ಅರ್ಧ ಪುಟ ಎದುರಾಯಿತು. ಹಡಗಿನಲ್ಲಿ ಕುಡಿಯುವ ನೀರಿಗೆ ದೊಡ್ಡ ಮರದ ಟಾಕಿಗಳಿದ್ದವು. ಒಂದು ಮುಗಿದು ಇನ್ನೊಂದರ ಮುಚ್ಚಳ ತೆಗೆದಾಗಲೆಲ್ಲ ನಾಖುದಾ ಎಲ್ಲರಿಗಿಂತ ಮೊದಲು ತಾನೇ ಒಂದು ತಂಬಿಗೆ ತುಂಬ ನೀರು ಕುಡಿಯುತ್ತಿದ್ದ. ಆಮೇಲೆ ಮುಚ್ಚಳ ಮುಚ್ಚಿ ಅದರ ಮೇಲೆಯೇ ಕೂತುಬಿಡುತ್ತಿದ್ದ. ಹಾಯಿ ಕಟ್ಟುವ ಕೂವೆಮರದ ನೆರಳು ಒಂದು ಹಲಗೆಯಿಂದ ಇನ್ನೊಂದಕ್ಕೆ ಸರಿಯುವವರೆಗೆ ಯಾರಿಗೂ ಒಂದು ಹನಿ ಕೊಡುತ್ತಿರಲಿಲ್ಲ. ಬಿಸಿಲಿನಲ್ಲಿ ಹಡಗಿನ ಆಳುಗಳಾದ ಖಲಾಸಿಗಳು ಸುತ್ತ ನಿಂತು ಅವನ ಮುಖ ನೋಡುತ್ತಿದ್ದರು. ಲೇಖಕ ಬಾಯಾರಿ ಕೈಚಾಚಿದರೆ ಬೆರಳೆತ್ತಿ ತಡೆದನಂತೆ. ಅಲ್ಲಿಂದ ಅವನ ಲೇಖನಿ ಹಾರಿತು. ಪೂರ್ವದೇಶದ ಆಳ್ವಿಕೆಯೆಲ್ಲ ಇಷ್ಟೇ, ನೀರಿನ ಮೇಲೆ ಕೂತವನು ರಾಜ. ನಮ್ಮ ಇಂಗ್ಲಿಷರ ಹಡಗಿನಲ್ಲಾದರೆ ಯಜಮಾನ ಕೊನೆಗೆ ಕುಡಿಯುತ್ತಾನೆ. ನಾವು ಹೊರಟುಹೋದ ಮೇಲೆ ಇಂಥ ಸಣ್ಣ ರಾಜರ ಕೈಗೆ ಈ ಸಮುದ್ರ ಸಿಗುತ್ತದಲ್ಲ ಎಂದು ಮರುಗಿದ್ದ.

ಇದನ್ನು ಓದಿ ಹೇಳುವುದು ಹೇಗೆ? ಎಪ್ಪತ್ತು ವರ್ಷ ಅಪ್ಪನ ಮುಖ ಹುಡುಕಿದ ಮನುಷ್ಯನಿಗೆ, ಊರಿಗೆ ಹೊರಟ ವಾರದಲ್ಲಿ, ನಿಮ್ಮ ಅಪ್ಪ ಬಾಯಾರಿದವರ ಎದುರು ನೀರು ಕುಡಿದು ಕೂತ ದರ್ಪದ ಮನುಷ್ಯ ಎನ್ನುವುದೇ? ನಾನು ಅಡುಗೆಮನೆಗೆ ಹೋಗಿ ಹೆಂಡತಿಗೆ ಹೇಳಿದೆ.

"ಬರದದ್ದು ಓದ್ರಿ," ಎಂದಳು.

"ಅವರಿಗೆ ಬಿ.ಪಿ. ಅದ."

"ನಿಮಗೂ ಅದ. ಅದಕ್ಕ ನಿಮಗ ಯಾರೂ ಏನೂ ಹೇಳಬಾರದಂತೇನು?"

ಆದರೂ ನಾನು ಆ ಅರ್ಧ ಪುಟ ಬಿಟ್ಟೆ. ಮರುದಿನ ಗಾಳಿ ಬಂತು ಎಂಬಲ್ಲಿಗೆ ಹೊಲಿಗೆ ಹಾಕಿದೆ. ಕಚೇರಿಯಲ್ಲಿ ಕಾಮಾ ಬಿಡದವನು ಇಲ್ಲಿ ಒಂದು ಇಡೀ ಟಾಕಿ ನೀರು ಬಿಟ್ಟು, ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ.

ಮೂರನೆಯ ಶನಿವಾರ ಓದಿ ಮುಗಿಸಿದಾಗ ಹಿರಿಯರು ನನ್ನ ನೋಟ್‌ಬುಕ್ಕಿನತ್ತ ಬಾಗಿ ನೋಡಿದರು.

"ಮುಗೀತಾ?"

"ಮುಗೀತ್ರೀ."

"ಮತ್ತೆ ಎಂತದೂ ಇಲ್ವಾ? ಕೊಲ್ಲಿಗೆ ಬಂದು ಇಳಿದ್ರು, ಅಷ್ಟೆಯಾ?"

"ಅಷ್ಟರೀ."

ಅವರು ಬಟ್ಟೆಯ ಮೇಲೆ ಅಂಗೈ ಆಡಿಸಿ ಒಂದು ಸುಕ್ಕು ಸರಿಮಾಡಿದರು. "ಹಾಗಾದ್ರೆ ಇವ್ರಲ್ಲ. ಬೇರೆ ಯಾರೋ. ಆಗ ಎಷ್ಟೋ ಜನ ನಾಖುದಾ ಇದ್ರು ಬಿಡಿ. ಖಲಾಸ್." ಆಮೇಲೆ ನನಗೇ ಸಮಾಧಾನ ಹೇಳುವವರಂತೆ, "ಓದಿದ್ದು ಚಂದ ಆಯ್ತು. ಸುಮ್ಮನೆ ನಿಮಗೆ ತೊಂದ್ರೆ ಕೊಟ್ಟೆ," ಎಂದು ಥರ್ಮಾಸಿನಿಂದ ಚಹಾ ಬಗ್ಗಿಸಿಕೊಟ್ಟರು. ತಾವು ಕುಡಿಯಲಿಲ್ಲ.

ಮನೆಗೆ ಬಂದವನ ಮುಖ ನೋಡಿ ಹೆಂಡತಿ ಕೇಳಿದಳು, "ಎಲ್ಲಾ ಓದಿದ್ರೇನು?"

"ಎಲ್ಲಾ ಅಂದ್ರ, ಹೆಚ್ಚು ಕಡಿಮಿ."

"ಅವರು ಗುರುತು ಹುಡುಕಾಕತ್ತಾರ. ನೀವು ಮುಚ್ಚಿಟ್ಟು ಓದಿದ್ರ ಅವರಿಗೆ ಹೆಂಗ ಸಿಗಬೇಕು? ಬಿಟ್ಟದ್ದರಾಗನ ಇದ್ದರ?"

ಇಷ್ಟು ಸರಳ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ಆಗಬಹುದಾದ ಅನಾಹುತಗಳ ಪಟ್ಟಿಯಲ್ಲಿ ಬಿ.ಪಿ., ಆಂಬುಲೆನ್ಸ್, ಅವರ ಅಳಿಯನ ಬೈಗುಳ ಎಲ್ಲವೂ ಇದ್ದವು, ಇದೊಂದು ಇರಲಿಲ್ಲ.

ಭಾನುವಾರ ಬೆಳಿಗ್ಗೆಯೇ ನೈಫ್‌ಗೆ ಹೋದೆ. ಅಂಗಡಿಯ ಅರ್ಧ ಕಪಾಟುಗಳು ಖಾಲಿಯಾಗಿದ್ದವು. ಹಿರಿಯರು ಥಾನುಗಳಿಗೆ ಹಗ್ಗ ಕಟ್ಟುತ್ತಿದ್ದರು. ನಾನು ದಾರಿಯುದ್ದಕ್ಕೂ ತಯಾರಿಸಿದ್ದ ಮುನ್ನುಡಿಯನ್ನು ಶುರು ಮಾಡಿದೆ. ಭಾಷಾಂತರದಲ್ಲಿ ಕೆಲವು ಸಲ ಹೀಗಾಗುತ್ತದೆ ಎಂಬಲ್ಲಿಗೆ ಅವರು ಕೈಯೆತ್ತಿದರು.

"ಧಾರವಾಡದವ್ರೆ, ಎಂತ ಬಿಟ್ರಿ? ಅದು ಹೇಳಿ."

ನಿಂತಲ್ಲೇ ಪುಸ್ತಕ ತೆಗೆದು ಟಾಕಿಯ ಭಾಗವನ್ನು ನೇರವಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ಮೊದಲು ತಾನೇ ಕುಡಿದ ಎಂಬಲ್ಲಿ ಅವರ ಕೈಯಿಂದ ಹಗ್ಗ ಬಿತ್ತು. ಮುಚ್ಚಳದ ಮೇಲೆ ಕೂತ ಎಂಬಲ್ಲಿ, "ಇನ್ನೊಮ್ಮೆ," ಎಂದರು. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಹೇಳುವಾಗ ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ನಾನು ನೀರಿನ ಬಾಟಲಿಗಾಗಿ ಸುತ್ತ ನೋಡಿದೆ.

ಆಮೇಲೆ ಅವರೇ ವಿವರಿಸಿದರು. ಮರದ ಟಾಕಿಯ ನೀರು ಕೆಡುವುದುಂಟು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಒಮ್ಮೆ ಹಾಗೆ ಕೆಟ್ಟ ನೀರು ಕುಡಿದು ತಂದೆಯ ಹಡಗಿನ ಇಬ್ಬರು ತೀರಿಹೋದರಂತೆ. ಬೇರೆ ಹಡಗುಗಳಲ್ಲಿ ಹೊಸ ಟಾಕಿ ತೆಗೆದಾಗ ಅಡುಗೆಯ ಭಂಡಾರಿಗೋ, ಎಲ್ಲರಿಗಿಂತ ಕೆಳಗಿನ ಖಲಾಸಿಗೋ ಮೊದಲು ಕುಡಿಸಿ ನೋಡುತ್ತಿದ್ದರು. ಅವತ್ತಿನಿಂದ ಇವರ ತಂದೆ ತಾನೇ ಕುಡಿಯತೊಡಗಿದರು. ಹೊಟ್ಟೆ ಹಿಡಿಯುತ್ತದೋ ಎಂದು ಕಾಯುವಷ್ಟು ಹೊತ್ತು, ಬಾಯಾರಿದವರು ಆತುರಕ್ಕೆ ನುಗ್ಗಬಾರದೆಂದು ಮುಚ್ಚಳದ ಮೇಲೆ ಕೂರುತ್ತಿದ್ದರು.

"ಅಮ್ಮ ಇದಕ್ಕೇ ಬೈತಿದ್ಲು. ಪ್ರತಿ ಸಲ ಹೊರಡುವಾಗ ಬಾಗಿಲಲ್ಲಿ ನಿಂತು ಬೈಯೂದು, ಕುಡೀರಿ, ಎಲ್ಲ ನೀವೇ ಮೊದ್ಲು ಕುಡೀರಿ, ಮಕ್ಕಳು ಭಿಕ್ಷೆ ಬೇಡ್ಲಿ ಅಂತ. ನಂಗೆ ಬಾಪಾ ಅಂದ್ರೆ ಇದೊಂದೇ ಗೊತ್ತು ಮಾರಾಯ್ರೆ. ಇದೊಂದನ್ನೇ ನೀವು ಬಿಟ್ರಿ."

"ನಿಮಗ ಬ್ಯಾಸರ ಆಗ್ತದಂತ—"

"ಬೇಜಾರು ನಿನ್ನೆ ಆಯ್ತು. ಊರಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಇವ್ರಲ್ಲ ಅಂತ ಹೇಳಿ ಆಯ್ತು. ಅವಳಿಗೆ ಎಂಬತ್ತಮೂರು ವರ್ಷ. ರೊಟ್ಟಿ ತಿನ್ನದೆ ಮಲಗಿದ್ಲಂತೆ. ನಿಮ್ಮ ಪಾಪದ ಬುದ್ಧಿಯಿಂದ."

ನಾನು ಕೆಳಗೆ ಬಿದ್ದಿದ್ದ ಹಗ್ಗ ಎತ್ತಿ ಕೊಟ್ಟೆ. ಅದೇ ಹೊತ್ತಿಗೆ ನನ್ನ ಚಿಂತೆಯ ಯಂತ್ರ ಬೇರೆ ಶುರುವಾಗಿತ್ತು. ಇನ್ನಾರೋ ನಾಖುದಾ ಕೂಡ ಹೀಗೇ ಮಾಡಿದ್ದರೆ? ಸುಮ್ಮನಿರಲಾರದೆ ಅದನ್ನೂ ಕೇಳಿಬಿಟ್ಟೆ. ಅವರು ಪಕ್ಕದ ಥಾನಿನ ಮೇಲೆ ತಟ್ಟಿದರು.

"ಅಂಚು ಒಂದೇ, ನೂಲು ಒಂದೇ, ಬಣ್ಣ ಒಂದೇ, ನೇಯ್ಗೆ ಒಂದೇ. ಆಮೇಲೂ ಇದು ಬೇರೆ ಥಾನು ಅಂತ ಗಿರಾಕಿ ಹೇಳಿದ್ರೆ ನಾನು ಅವನಿಗೆ ಬಾಗಿಲು ತೋರಿಸ್ತೇನೆ. ಭಟ್ಕಳದವ್ರು, ಹೆಂಚಿನ ಮಂಜಿ, ಇಂಗ್ಲಿಷಿನವ ಒಬ್ಬ, ಮುಚ್ಚಳದ ಮೇಲೆ ಕೂತದ್ದು. ಇನ್ನೆಂತ ಬೇಕು ನಿಮಗೆ?"

ಅಕ್ಕನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದರು. ನವಾಯತಿಯಲ್ಲಿ ಅವರು ಏನೋ ಹೇಳಿದರು. ಆ ಕಡೆಯಿಂದ ಒಂದು ತೆಳ್ಳನೆಯ ಧ್ವನಿ ಏನೋ ಕೇಳಿತು.

"ಕಣ್ಣಿನ ಬಗ್ಗೆ ಎಂತಾದ್ರೂ ಬರ್ದಿದ್ದಾನಾ ಅಂತ ಕೇಳ್ತಾಳೆ."

ನಾನು ಪುಸ್ತಕದ ಆ ಪುಟ ತೆರೆದೆ. "ಬರದಾನ್ರೀ. ಒಂದು ಕಣ್ಣು ಓರೆ ಅಂತ. ನಾನು ತೀಕ್ಷ್ಣ ದೃಷ್ಟಿ ಅಂತ ಓದಿದ್ದೆ."

ಹಿರಿಯರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಅಕ್ಕನಿಗೆ ಹೇಳಿದರು. ಆ ಕಡೆಯಿಂದ ಜೋರಾಗಿ ಅಳು, ನಡುನಡುವೆ ಮಾತು. ತಂದೆ ತೀರಿಕೊಂಡಾಗ ಅಕ್ಕನಿಗೆ ಒಂಬತ್ತು ವರ್ಷ. ಅಪ್ಪ ಯಾವ ಮಗುವನ್ನು ನೋಡಿ ಕರೆಯುತ್ತಿದ್ದಾರೆ ಎಂದು ಗೊತ್ತಾಗದೆ ಮಕ್ಕಳೆಲ್ಲ ಒಟ್ಟಿಗೆ ಓಡಿಹೋಗುತ್ತಿದ್ದರಂತೆ.

"ಇನ್ನು ಎಂತೆಂತ ಬಿಟ್ಟಿದ್ದೀರಿ?" ಫೋನ್ ಇಟ್ಟ ಮೇಲೆ ಕೇಳಿದರು.

ಒಂದೊಂದಾಗಿ ಒಪ್ಪಿಸಿದೆ. ಗಿಡ್ಡ. ಮೂಗಿನ ಹಾಡು. ಬೆರಳು. ಉತ್ತರ ಕೊಡದೆ ಇರುವುದು. ಪ್ರತಿಯೊಂದಕ್ಕೂ ಅವರ ಮುಖ ಬೆಳಗುತ್ತ ಹೋಯಿತು. "ಹೌದಾ? ಮೂಗಲ್ಲೇ ಹಾಡ್ತಿದ್ರಂತಾ?" ಎಂದು ಕೇಳಿ, ಅಪ್ಪನಿಗೆ ಯಾರೋ ಬಿರುದು ಕೊಟ್ಟಂತೆ ತಲೆದೂಗಿದರು. ರಾಜರ ವಿಷಯ, ಪೂರ್ವದೇಶದ ವಿಷಯ ಬಂದಾಗ ಮಾತ್ರ, "ಅದು ಬಿಡಿ, ಅದು ಅವನ ಸ್ವಂತದ್ದು," ಎಂದರು. ಲೇಖಕನ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ. "ಅರ್ಥ ಆಗ್ಲಿಲ್ಲ ಅವನಿಗೆ. ಆದ್ರೂ ನೋಡಿದ್ದನ್ನು ಬರ್ದ. ನಿಮಗೆ ಅರ್ಥ ಆಯ್ತು ಅಂತ ಗ್ರಹಿಸಿ ನೀವು ಅಳಿಸಿದ್ರಿ," ಎಂದರು.

ಪುಸ್ತಕವನ್ನೇ ತೆಗೆದುಕೊಂಡು ಹೋಗಿ ಎಂದೆ. ಬೇಡವೆಂದರು. ನಾಖುದಾ ಬರುವ ಪುಟಗಳನ್ನಷ್ಟೇ ಕನ್ನಡದಲ್ಲಿ ಬರೆದು ಬುಧವಾರದೊಳಗೆ ಕೊಡಬೇಕು, ಗುರುವಾರ ವಿಮಾನ. ಅಕ್ಕನಿಗೆ ತಾವೇ ಓದಿ ಹೇಳುತ್ತಾರಂತೆ. ಒಂದೇ ಷರತ್ತು: ಒಂದು ಬೈಗುಳವೂ ಕಡಿಮೆಯಾಗಕೂಡದು.

ಸೋಮವಾರ, ಮಂಗಳವಾರ ಕಚೇರಿಯಿಂದ ಬಂದವನೇ ಊಟದ ಮೇಜಿನ ಮುಂದೆ ಕೂತು ಬರೆದೆ. ಗಿಡ್ಡ ಎಂದರೆ ಗಿಡ್ಡ, ಓರೆ ಎಂದರೆ ಓರೆ. ಪ್ರತಿ ಸಾಲನ್ನೂ ಮೂರು ಸಲ ತಾಳೆ ನೋಡಿದೆ. ಕೊನೆಗೆ ಬೆರಳುಗಳ ಸಾಲಿನಲ್ಲಿ ಸಿಕ್ಕಿಕೊಂಡೆ. ಅಸಹ್ಯ ಎಂದರೆ ಲೇಖಕ ಹೇಳಿದ್ದಕ್ಕಿಂತ ಹೆಚ್ಚಾಯಿತೋ, ವಿಕಾರ ಎಂದರೆ ಕಡಿಮೆಯಾಯಿತೋ? ಅರ್ಧ ಗಂಟೆ ಪೆನ್ನು ಹಿಡಿದು ಕೂತು, ಕೊನೆಗೆ ಹೆಂಡತಿಯನ್ನು ಕರೆದು ಕೇಳಿದೆ.

ಅವಳು ಎರಡನ್ನೂ ಬಾಯಿಬಿಟ್ಟು ಒಮ್ಮೆ ಓದಿ ನೋಡಿದಳು. "ಅಸಹ್ಯ ಅಂತನ ಬರೀರಿ," ಎಂದಳು. "ಅವರ ಅಕ್ಕಗ ಆ ಬೆರಳು ನೆನಪಿದ್ರೂ ಇರಬಹುದು."